ಈಟಿ ಎತ್ತುವ ಮೊದಲು ಮೀನು ಯಾವುದು ಅಂತ ನೋಡುವ

ಕಾಸರಗೋಡಿನ ಕ್ಲಬ್ಬುಗಳಿಗೆ ದುಡ್ಡು ಎತ್ತುವುದು ಹೇಗೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಊರಲ್ಲಿ ಯಾರದ್ದೋ ಕಿಡ್ನಿ ಕೈಕೊಟ್ಟಿತು, ಮಗುವೊಂದಕ್ಕೆ ಆಪರೇಷನ್ ಆಗಬೇಕು ಅಂದರೆ ಸಾಕು. ವಾರದೊಳಗೆ ಬಿರಿಯಾನಿ ಚಾಲೆಂಜಿನ ಕೂಪನ್ ಮನೆ ಬಾಗಿಲಿಗೆ ಬರುತ್ತದೆ. ಮಳೆಗಾಲದಲ್ಲಿ ಕೆಸರುಗದ್ದೆ ಆಟ, ಬೇಸಿಗೆಯಲ್ಲಿ ಕಬಡ್ಡಿ, ವಾಲಿಬಾಲ್, ಹಗ್ಗಜಗ್ಗಾಟ. ಖರ್ಚು ಕಳೆದು ಉಳಿದದ್ದು ಚಿಕಿತ್ಸಾ ನಿಧಿಗೆ. ಈ ಪಟ್ಟಿಗೆ ಈಗ ಹೊಸದೊಂದು ಸೇರುವ ಲಕ್ಷಣ ಕಾಣುತ್ತಿದೆ. ಅಮೆರಿಕದ ಫ್ಲೋರಿಡಾ ಕಡಲಿನಲ್ಲಿ ನಡೆಯುವ ಲಯನ್‌ಫಿಶ್ ಬೇಟೆ ಸ್ಪರ್ಧೆಯ ವಿಡಿಯೋಗಳು ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಿವೆ. ಈಟಿ, ನೀಲಿ ನೀರು, ಪಟ್ಟೆಪಟ್ಟೆ ಮೀನು, ಕೊನೆಗೆ ಬಹುಮಾನ. ಕಡಲಿಗೂ ಒಳ್ಳೆಯದು, ನಿಧಿಗೂ ಒಳ್ಳೆಯದು. ಕೆಳಗೆ ಯಾರಾದರೊಬ್ಬರು ಬರೆದೇ ಬರೆಯುತ್ತಾರೆ: "ನಮ್ಮಲ್ಲೂ ಒಂದು ಮಾಡುವ."

ಐಡಿಯಾ ಕೆಟ್ಟದ್ದಲ್ಲ. ತೊಡಕು ಒಂದೇ. ವಿಡಿಯೋದಲ್ಲಿ ಕಾಣುವ ಮೀನು ಅಲ್ಲಿಗೆ ಅನ್ಯ, ನಮಗೆ ಊರಿನದ್ದು. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ಕಿನ ಹವಳದ ದಿಬ್ಬಗಳೇ ಅದರ ತವರು. ಲಕ್ಷದ್ವೀಪದಲ್ಲೂ ಇದೆ, ಮನ್ನಾರ್ ಕೊಲ್ಲಿಯಲ್ಲೂ ಇದೆ. ಇಲ್ಲಿ ಅದನ್ನು ಚುಚ್ಚಿ ಕೊಂದರೆ ಕಡಲಿಗೆ ಉಪಕಾರ ಮಾಡಿದ ಹಾಗೆ ಆಗುವುದಿಲ್ಲ, ಸುಮ್ನೆ ಒಂದು ಮೀನು ಕೊಂದ ಹಾಗೆ ಆಗುತ್ತದೆ. ಹಾಗಾದರೆ ಇಂಥ ಸ್ಪರ್ಧೆಯೇ ಬೇಡವೇ? ಬೇಕು ಅಂತಲೇ ನನ್ನ ಅಭಿಪ್ರಾಯ. ಆದರೆ ಜಾಗ ಬೇರೆ, ಮೀನು ಬೇರೆ, ನಿಯಮ ಬೇರೆ. ಅದಕ್ಕೆ ಮೊದಲು ಅಲ್ಲಿಯವರು ಏನು ಮಾಡಿದರು, ಅದರಲ್ಲಿ ಎಷ್ಟು ಫಲ ಸಿಕ್ಕಿತು ಅನ್ನುವುದನ್ನು ಸರಿಯಾಗಿ ನೋಡಬೇಕು.

ಫ್ಲೋರಿಡಾದ ಕಡಲಿನಲ್ಲಿ ಲಯನ್‌ಫಿಶ್ ಮೊದಲು ಕಂಡದ್ದು 1985ರಲ್ಲಿ, ಡೇನಿಯಾ ಬೀಚಿನ ಹತ್ತಿರ. ಅಕ್ವೇರಿಯಂ ಸಾಕುವವರು ಬಿಟ್ಟದ್ದು ಅನ್ನುವುದು ಹೆಚ್ಚಿನವರು ಒಪ್ಪುವ ಮಾತು. 1992ರ ಆಂಡ್ರೂ ಚಂಡಮಾರುತಕ್ಕೆ ಒಂದು ಗಾಜಿನ ತೊಟ್ಟಿ ಒಡೆದು ಮೀನು ಕಡಲು ಸೇರಿತು ಅನ್ನುವ ಕಥೆಯೂ ಇದೆ. ಕಥೆ ಚೆನ್ನಾಗಿದೆ, ಆದರೆ ಅದಕ್ಕೂ ಏಳು ವರ್ಷ ಮೊದಲೇ ಮೀನು ಅಲ್ಲಿತ್ತು. 2004ರ ಹೊತ್ತಿಗೆ ಬಹಾಮಾಸ್ ತಲುಪಿತು. ಆಮೇಲೆ ಕೆರಿಬಿಯನ್ ಪೂರ್ತಿ ಹರಡಿತು.

ಹರಡಿದ್ದು ಯಾಕೆ ಅಂತ ಕೇಳಿದರೆ ಕಾರಣ ಒಂದಲ್ಲ. ಒಂದು ಹೆಣ್ಣು ಮೀನು ವರ್ಷಕ್ಕೆ 20 ಲಕ್ಷದವರೆಗೆ ಮೊಟ್ಟೆ ಇಡುತ್ತದೆ. ಮೊಟ್ಟೆಗಳು ಅಂಟಂಟಾದ ಮುದ್ದೆಯಾಗಿ ತೇಲುತ್ತಾ ಪ್ರವಾಹದ ಜೊತೆ ದೂರ ಹೋಗುತ್ತವೆ. ಮೈಮೇಲೆ 18 ವಿಷದ ಮುಳ್ಳು ಇರುವುದರಿಂದ ದೊಡ್ಡ ಮೀನುಗಳು ಬಾಯಿ ಹಾಕಲು ಹಿಂಜರಿಯುತ್ತವೆ. ತನ್ನ ಉದ್ದದ ಅರ್ಧದಷ್ಟು ದೊಡ್ಡ ಬೇಟೆಯನ್ನೂ ನುಂಗುತ್ತದೆ. ಅಲ್ಲಿಯ ಸಣ್ಣ ಮೀನುಗಳಿಗೋ, ಇದನ್ನು ಕಂಡರೆ ಓಡಬೇಕು ಅಂತ ಗೊತ್ತೇ ಇಲ್ಲ. ಬಹಾಮಾಸಿನ ಸಣ್ಣ ಹವಳದ ದಿಬ್ಬಗಳಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಒಂದೇ ಒಂದು ಲಯನ್‌ಫಿಶ್ ಇದ್ದ ದಿಬ್ಬದಲ್ಲಿ ಹೊಸದಾಗಿ ಬಂದು ಸೇರುವ ಮರಿಮೀನುಗಳು ಐದು ವಾರದಲ್ಲಿ 79 ಶೇಕಡಾ ಕಡಿಮೆಯಾದವು. ನಮ್ಮ ಕಡೆ ಈ ಮೀನು ಇದ್ದರೂ ಹೀಗೆ ಆಗಿಲ್ಲ. ತವರಿನ ದಿಬ್ಬಗಳಲ್ಲಿ ಅದರ ಸಂಖ್ಯೆ ಯಾವತ್ತೂ ಅಲ್ಲಿಯಷ್ಟು ಏರಿದ್ದಿಲ್ಲ.

ಸ್ಪರ್ಧೆ ಶುರುವಾದದ್ದು 2009ರಲ್ಲಿ, ಬಹಾಮಾಸಿನ ಗ್ರೀನ್ ಟರ್ಟಲ್ ಕೇ ಅನ್ನುವ ದ್ವೀಪದಲ್ಲಿ. ರೀಫ್ ಅನ್ನುವ ಸಂಸ್ಥೆ ಇದನ್ನು ಆಮೇಲೆ ಬೇರೆ ಕಡೆಗೂ ಒಯ್ದಿತು. ಇದಕ್ಕೆ ಡರ್ಬಿ ಅಂತ ಹೆಸರು. ಎರಡರಿಂದ ನಾಲ್ಕು ಜನರ ತಂಡ, ಪ್ರವೇಶ ಶುಲ್ಕ, ಪ್ರಾಯೋಜಕರು. ಹಿಂದಿನ ರಾತ್ರಿ ಎಲ್ಲರೂ ಸೇರಿ ನಿಯಮ ಕೇಳಿಕೊಳ್ಳುವ ಸಭೆ. ಮರುದಿನ ಬೆಳಿಗ್ಗೆ ಕಡಲಿಗೆ. ಈಟಿ ಅಂದರೆ ನಮ್ಮ ಮನಸ್ಸಿಗೆ ಬರುವ ಉದ್ದದ ಭಲ್ಲೆ ಅಲ್ಲ. ತುದಿಯಲ್ಲಿ ಮೂರು ಮೊನೆ ಇರುವ ಗಿಡ್ಡ ಕೋಲು, ಹಿಂದೆ ಒಂದು ರಬ್ಬರ್ ಪಟ್ಟಿ. ಲಯನ್‌ಫಿಶ್ ಓಡುವ ಮೀನಲ್ಲ. ರೆಕ್ಕೆ ಬಿಡಿಸಿಕೊಂಡು ನಿಂತಲ್ಲೇ ನಿಲ್ಲುತ್ತದೆ. ಹಾಗಾಗಿ ಒಂದು ಮಾರು ದೂರದಿಂದ ಗುರಿ ಹಿಡಿಯಬಹುದು. ಚುಚ್ಚಿದ ಮೇಲೆ ಕೈಯಲ್ಲಿ ಮುಟ್ಟುವ ಹಾಗಿಲ್ಲ. ಸೊಂಟಕ್ಕೆ ಕಟ್ಟಿಕೊಂಡ ದಪ್ಪ ಪ್ಲಾಸ್ಟಿಕ್ ಕೊಳವೆಯೊಳಗೆ ಈಟಿ ಸಮೇತ ತೂರಿಸಿ, ಎಳೆಯುವಾಗ ಮೀನು ಒಳಗೇ ಉಳಿಯುವ ಹಾಗೆ ಮಾಡುತ್ತಾರೆ. ಮುಳ್ಳು ತಾಗಿದರೆ ತಡೆಯಲಾಗದ ಉರಿ. ತೊರಕೆಯ ಮುಳ್ಳು ತಾಗಿದವರಿಗೆ ಅದರ ಅಂದಾಜು ಸಿಗಬಹುದು. ಚರ್ಮ ಸುಡದಷ್ಟು ಬಿಸಿ ನೀರಲ್ಲಿ, ಅಂದರೆ 45 ಡಿಗ್ರಿ ದಾಟದ ಹಾಗೆ, ಗಾಯ ಮುಳುಗಿಸಿ ಇಡುವುದು ಮೊದಲ ಆರೈಕೆ. ವಿಷ ಬಿಸಿಗೆ ಕೆಡುತ್ತದೆ.

ಸಂಜೆ ದಡದಲ್ಲಿ ಅಳತೆ. ಒಂದು ಸ್ಕೇಲಿನ ಮೇಲೆ ಮೀನನ್ನು ಮಲಗಿಸಿ ಬಾಯಿಂದ ಬಾಲದ ತುದಿವರೆಗೆ ಅಳೆಯುತ್ತಾರೆ. ಆಮೇಲೆ ಮುಳ್ಳು ಕತ್ತರಿಸಿ, ಹೋಳು ಮಾಡಿ, ಹುರಿದು, ನೋಡಲು ಬಂದವರಿಗೆ ರುಚಿ ತೋರಿಸುತ್ತಾರೆ. ಬಹುಮಾನ ಮೂರು ಬಗೆ. ಅತಿ ಹೆಚ್ಚು ಮೀನು ಹಿಡಿದವರಿಗೆ ಒಂದು, ಅತಿ ದೊಡ್ಡದು ಹಿಡಿದವರಿಗೆ ಒಂದು, ಅತಿ ಸಣ್ಣದು ಹಿಡಿದವರಿಗೂ ಒಂದು. ಈ ಮೂರನೆಯದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದರಿಂದ ಕಡಲಿಗೆ ನಿಜವಾಗಿ ಪ್ರಯೋಜನ ಆಯಿತಾ? ಆಯಿತು, ಆದರೆ ಮಿತಿಯೊಳಗೆ. 2019ರಲ್ಲಿ ಫ್ಲೋರಿಡಾದ ಡೆಸ್ಟಿನ್ ಊರಿನ ಎಮರಾಲ್ಡ್ ಕೋಸ್ಟ್ ಓಪನ್ ಸ್ಪರ್ಧೆಯಲ್ಲಿ ಎರಡು ದಿನದಲ್ಲಿ 14,119 ಲಯನ್‌ಫಿಶ್ ಹಿಡಿದರು. ಸಂಖ್ಯೆ ದೊಡ್ಡದು. ಆದರೆ ಸಂಖ್ಯೆಗಿಂತ ನನಗೆ ಮುಖ್ಯ ಅನಿಸುವುದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಒಂದು ದಿನದ ಡರ್ಬಿಗಳು ಸರಾಸರಿ 192 ಚದರ ಕಿಲೋಮೀಟರ್ ಪ್ರದೇಶದಲ್ಲಿ ಈ ಮೀನಿನ ಸಾಂದ್ರತೆಯನ್ನು 52 ಶೇಕಡಾ ಇಳಿಸಿದವು ಅಂತ ಅದು ಕಂಡುಕೊಂಡಿತು. ಇನ್ನೊಂದು ಅಧ್ಯಯನದ ಪ್ರಕಾರ, ಲಯನ್‌ಫಿಶ್ ಸಂಖ್ಯೆಯನ್ನು ಒಂದು ಮಟ್ಟಕ್ಕಿಂತ ಕೆಳಗೆ ಇಳಿಸಿ ಅಲ್ಲೇ ಇಟ್ಟರೆ ಊರಿನ ಮೀನುಗಳ ಒಟ್ಟು ತೂಕ 50ರಿಂದ 70 ಶೇಕಡಾ ಚೇತರಿಸುತ್ತದೆ. ಪೂರ್ತಿ ಇಲ್ಲದ ಹಾಗೆ ಮಾಡಬೇಕಾಗಿಲ್ಲ, ಅಷ್ಟು ಸಾಕು. "ಅಲ್ಲೇ ಇಟ್ಟರೆ" ಅನ್ನುವಲ್ಲಿ ಇಡೀ ವಿಷಯ ಇದೆ. ಒಂದು ಭಾನುವಾರ ಬಂದು ಫೋಟೋ ತೆಗೆಸಿಕೊಂಡು ಹೋದರೆ ಆಗುವ ಕೆಲಸ ಅಲ್ಲ. ಮೇಲಾಗಿ, ಹವ್ಯಾಸಿ ಮುಳುಗುಗಾರರು ಇಳಿಯುವುದು 40 ಮೀಟರ್ ತನಕ. ಲಯನ್‌ಫಿಶ್ 300 ಮೀಟರ್ ಆಳದಲ್ಲೂ ಕಂಡಿದೆ. ಆಳದಲ್ಲಿ ಉಳಿದದ್ದು ಮತ್ತೆ ಮೇಲಕ್ಕೆ ಮರಿ ಕಳಿಸುತ್ತಲೇ ಇರುತ್ತದೆ.

ಈಗ ನಮ್ಮ ಕಡಲಿಗೆ ಬರುವ. ಮಂಜೇಶ್ವರದಿಂದ ಚೆರುವತ್ತೂರಿನವರೆಗೆ ನಮ್ಮದು ಹೆಚ್ಚಾಗಿ ಮರಳಿನ ದಡ. ಹೊಳೆಗಳು ತಂದು ಹಾಕುವ ಮಣ್ಣಿನ ನೀರಿನಲ್ಲಿ ಮುಳುಗಿದರೆ ಚಾಚಿದ ಕೈ ಕಾಣುವುದೇ ಕಷ್ಟ. ಫ್ಲೋರಿಡಾದ ನೀಲಿ ನೀರು ಬೇಕೆಂದರೆ ಮುರ್ಡೇಶ್ವರದ ಆಚೆ ನೇತ್ರಾಣಿಗೆ ಹೋಗಬೇಕು, ಇಲ್ಲವೇ ಲಕ್ಷದ್ವೀಪಕ್ಕೆ. ಅಲ್ಲಿ ಇನ್ನೊಂದು ಗುಂಡಿ ಕಾದಿದೆ. ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. ಗುರಿ ತಪ್ಪಿದ ಈಟಿ ಹವಳಕ್ಕೆ ತಾಗಿ ಅದು ಮುರಿದರೆ ಸ್ಪರ್ಧೆಯ ಮರುದಿನ ಸಂಘಟಕರು ಅರಣ್ಯ ಇಲಾಖೆಯ ಎದುರು ಕೂತಿರಬೇಕಾಗಬಹುದು. ದೈತ್ಯ ಗ್ರೂಪರ್ ಮೀನೂ, ಕಡಲ ಕುದುರೆಯೂ ಅದೇ ಕಾಯ್ದೆಯಲ್ಲಿವೆ.

ಇನ್ನೂ ಒಂದು ಮಾತು. ನಮ್ಮ ಕಡಲಿಗೆ ಹೊರಗಿನಿಂದ ಬಂದು ತೊಂದರೆ ಕೊಡುವವು ಈಟಿಗೆ ಸಿಗುವಂಥವಲ್ಲ. ಕೊಲ್ಲಂನ ಅಷ್ಟಮುಡಿ ಹಿನ್ನೀರಿನಲ್ಲಿ ದಕ್ಷಿಣ ಅಮೆರಿಕದ ಚರ್ರು ಅನ್ನುವ ಸಿಪ್ಪೆಜೀವಿ ಬಂದು ಕೂತಿದೆ. ಊರಿನದ್ದೇ ಆದ ಪಚಿಲೆ ಅನ್ನುವ ಚಿಪ್ಪುಜೀವಿಯ ಜಾಗವನ್ನು ಅದು ಹಿಡಿದುಕೊಂಡಿತು. ಹಿನ್ನೀರಿನಲ್ಲಿ ಹಗ್ಗ ಇಳಿಬಿಟ್ಟು ಪಚಿಲೆ ಬೆಳೆಯುವ ನಮ್ಮ ಪಡನ್ನದವರು ಇದರ ಮೇಲೆ ಒಂದು ಕಣ್ಣಿಡುವುದು ಒಳ್ಳೆಯದು. ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದಲ್ಲಿ ಫಿಲಿಪ್ಪೀನ್ಸ್ ಮೂಲದ ಕಪ್ಪಾಫೈಕಸ್ ಅನ್ನುವ ಕಡಲ ಪಾಚಿ ಹವಳದ ಮೇಲೆ ಹಬ್ಬಿತು. ಕೃಷಿಗೆಂದು ತಂದದ್ದು ಅದು. ಅದನ್ನು ಕಿತ್ತು ತೆಗೆಯಲು ನೂರು ಜನ ಉತ್ಸಾಹಿಗಳನ್ನು ಇಳಿಸಿದರೆ ಏನಾಗುತ್ತದೆ ಗೊತ್ತಾ? ತುಂಡಾದ ಒಂದೊಂದು ಎಳೆಯೂ ಬೇರೆ ಕಡೆ ತೇಲಿಹೋಗಿ ಅಲ್ಲಿ ಬೆಳೆಯುತ್ತದೆ.

ಹಾಗಾಗಿ ಕಡಲು ಬಿಡುವ. ನಿಜವಾದ ಕೆಲಸ ಇರುವುದು ಒಳನಾಡಿನಲ್ಲಿ.

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಹೋದವರಿಗೆ ಕೆಂಪುಕಲ್ಲಿನ ಕೋರೆಗಳ ಪರಿಚಯ ಇರುತ್ತದೆ. ಕಲ್ಲು ಕಡಿದು ಮುಗಿದ ಮೇಲೆ ಅಲ್ಲಿ ಉಳಿಯುವುದು ಚೌಕಾಕಾರದ ದೊಡ್ಡ ಹೊಂಡ, ಅದರ ತುಂಬ ಮಳೆನೀರು. ಖಾಲಿ ಬಿಡುವುದೇಕೆ ಅಂತ ಕೆಲವರು ಅದರಲ್ಲಿ ಮೀನು ಸಾಕುತ್ತಾರೆ. ಅಡಿಕೆ ತೋಟದ ಕೆರೆಗಳಲ್ಲೂ ಅಷ್ಟೇ. ಸಾಕುವುದು ಹೆಚ್ಚಾಗಿ ಹೊರಗಿನ ಮೀನು. ಕೇರಳದಲ್ಲಿ ಪಿಲೋಪಿ ಅಂತಲೂ ಕರ್ನಾಟಕದ ಕೆಲವು ಕಡೆ ಜಿಲೇಬಿ ಅಂತಲೂ ಕರೆಯುವ ತಿಲಾಪಿಯ, ರೂಪ್‌ಚಂದ್ ಹೆಸರಲ್ಲಿ ಮಾರುವ ಪಾಕು, ಮತ್ತೆ ಆಫ್ರಿಕನ್ ಕ್ಯಾಟ್‌ಫಿಶ್. ಕೊನೆಯದನ್ನು ಕೇಂದ್ರ ಸರ್ಕಾರ 2000ರಲ್ಲೇ ನಿಷೇಧಿಸಿದೆ. ಆದರೂ ಸಾಕುವುದು ನಿಂತಿಲ್ಲ. ಕೋಳಿ ಅಂಗಡಿಯ ಕಸ ಹಾಕಿದರೂ ತಿಂದು ಬೆಳೆಯುತ್ತದೆ, ಗಾಳಿಯನ್ನೇ ಉಸಿರಾಡುವ ಶಕ್ತಿ ಇರುವುದರಿಂದ ಕೊಳೆತ ನೀರಲ್ಲೂ ಸಾಯುವುದಿಲ್ಲ. ಸಾಕುವವನಿಗೆ ಇದಕ್ಕಿಂತ ಸುಲಭದ ಮೀನು ಬೇರೆ ಇಲ್ಲ.

ಜೂನಿನಲ್ಲಿ ಮಳೆ ಹಿಡಿಯುತ್ತದೆ. ನಮ್ಮ ಜಿಲ್ಲೆಗೆ ವರ್ಷಕ್ಕೆ ಬೀಳುವುದು ಸುಮಾರು 3,500 ಮಿಲಿಮೀಟರ್, ಅದರಲ್ಲಿ ಹೆಚ್ಚಿನದು ಮಳೆಗಾಲದ ನಾಲ್ಕೇ ತಿಂಗಳಲ್ಲಿ. ಕೋರೆ ತುಂಬಿ ಹರಿಯುತ್ತದೆ. ನೀರು ತೋಡಿಗೆ, ತೋಡಿನಿಂದ ಬೈಲಿನ ಗದ್ದೆಗೆ, ಅಲ್ಲಿಂದ ಹೊಳೆಗೆ. ನೀರು ಹೋದ ದಾರಿಯಲ್ಲೇ ಮೀನೂ ಹೋಗುತ್ತದೆ. 2018ರ ಪ್ರವಾಹದ ನಂತರ ಕೇರಳದ ಹೊಳೆಗಳಲ್ಲಿ ಅರಪೈಮ, ಅಲಿಗೇಟರ್ ಗಾರ್ ತರಹದ ದೊಡ್ಡ ಮೀನುಗಳು ಬಲೆಗೆ ಬಿದ್ದು ಸುದ್ದಿಯಾದವು. ಸುದ್ದಿಯಾಗದೆ ಪ್ರತಿ ವರ್ಷ ದಾಟುವುದು ತಿಲಾಪಿಯ ಮತ್ತು ಕ್ಯಾಟ್‌ಫಿಶ್.

ತಿಲಾಪಿಯ ಭಾರತಕ್ಕೆ ಬಂದದ್ದು 1952ರಲ್ಲಿ. ತಾಯಿ ಮೀನು ಮೊಟ್ಟೆಯನ್ನು ಬಾಯೊಳಗೇ ಇಟ್ಟು ಮರಿ ಮಾಡುತ್ತದೆ. ಮರಿ ಹುಟ್ಟಿ ಎರಡು ಮೂರು ತಿಂಗಳಿಗೆ ತಾನೇ ಮರಿ ಮಾಡುವಷ್ಟು ಬೆಳೆದಿರುತ್ತದೆ. ಸಿಹಿನೀರಿಗೂ ಸೈ, ಅಳಿವೆಯ ಉಪ್ಪುನೀರಿಗೂ ಸೈ. ಕೇರಳ ರಾಜ್ಯದ ಮೀನು ಅಂತ 2010ರಲ್ಲಿ ಘೋಷಿಸಿದ ಕರಿಮೀನಿನ ಜಾಗಕ್ಕೆ ಇದು ನೇರ ಪೈಪೋಟಿ. ಕ್ಯಾಟ್‌ಫಿಶ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಸಣ್ಣ ಮೀನು, ಕಪ್ಪೆ, ಏಡಿ, ಮೊಟ್ಟೆ, ಬಾಯಿಗೆ ಹಿಡಿಸುವ ಏನನ್ನೂ ಬಿಡುವುದಿಲ್ಲ. ಒಂದು ಮೀಟರ್ ದಾಟಿ ಬೆಳೆಯುತ್ತದೆ.

ಸ್ಪರ್ಧೆ ಮಾಡುವುದಾದರೆ ಇಲ್ಲಿ ಮಾಡಬೇಕು. ಹೊಳೆಯಲ್ಲಿ ಅಲ್ಲ, ಕೋರೆ ಮತ್ತು ಕೆರೆಯಲ್ಲಿ. ಕಾರಣ ಲೆಕ್ಕದ್ದು. ಚಂದ್ರಗಿರಿ, ಅಂದರೆ ಪಯಸ್ವಿನಿ, ಕೊಡಗಿನಲ್ಲಿ ಹುಟ್ಟಿ ಸುಳ್ಯ ದಾಟಿ ನಮ್ಮಲ್ಲಿಗೆ ಬರುವ ಹೊಳೆ. ಇಲ್ಲಿ ಒಂದು ಗುಂಡಿಯಲ್ಲಿ ಹಿಡಿದರೆ ಮೇಲಿನ ಗುಂಡಿಯಿಂದ ಮತ್ತೆ ಇಳಿಯುತ್ತದೆ. ಕೋರೆ ಹಾಗಲ್ಲ, ಬೇಸಿಗೆಯಲ್ಲಿ ಅದು ಬೇರೆ ಯಾವ ನೀರಿಗೂ ತಾಗದ ಮುಚ್ಚಿದ ಪೆಟ್ಟಿಗೆ. ಅಲ್ಲಿ ಎಷ್ಟು ಮೀನಿತ್ತು, ಎಷ್ಟು ಉಳಿಯಿತು ಅಂತ ಲೆಕ್ಕವೂ ಹಾಕಬಹುದು. ಅದಕ್ಕೆ ವಿಜ್ಞಾನಿಯೇ ಬರಬೇಕು ಅಂತಿಲ್ಲ. ಅದೇ ಬಲೆ, ಅಷ್ಟೇ ಜನ, ಅಷ್ಟೇ ಗಂಟೆ, ಎರಡು ದಿನ ಹಿಡಿಯಿರಿ. ಉದಾಹರಣೆಗೆ ಮೊದಲ ದಿನ 100, ಎರಡನೇ ದಿನ 50 ಸಿಕ್ಕಿತು ಅಂತಿಟ್ಟುಕೊಳ್ಳಿ. ಅಂದರೆ ಒಂದು ದಿನದಲ್ಲಿ ಇದ್ದದ್ದರ ಅರ್ಧ ಬರುತ್ತದೆ. ಹಾಗಾದರೆ ಮೊದಲಿಗೆ ಇದ್ದದ್ದು ಸುಮಾರು 200, ಇನ್ನೂ ಉಳಿದಿರುವುದು 50ರ ಆಸುಪಾಸು. ಎರಡನೇ ದಿನವೂ ನೂರರ ಹತ್ತಿರವೇ ಬಂದರೆ ನೀವು ಹಿಡಿದದ್ದು ಏನೂ ಅಲ್ಲ, ಒಳಗೆ ಬೇಕಾದಷ್ಟಿದೆ. ಕ್ಲಬ್ಬಿನ ಸ್ಕೋರ್ ಬರೆಯುವ ಹುಡುಗನಿಗೆ ಇಷ್ಟು ಗೊತ್ತಿದ್ದರೆ ಸಾಕು.

ಅರ್ಧಂಬರ್ಧ ಹಿಡಿದರೆ ಏನೂ ಮಾಡದೆ ಇರುವುದಕ್ಕಿಂತ ಕಡೆ ಆಗಬಹುದು. ಇದು ಹೆದರಿಸುವ ಮಾತಲ್ಲ, ನಡೆದದ್ದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸೀಡ್ರಿಫ್ಟ್ ಅನ್ನುವ ಹಿನ್ನೀರಿದೆ. ಯುರೋಪಿನಿಂದ ಬಂದ ಹಸಿರು ಏಡಿ ಅಲ್ಲಿ ತುಂಬಿತ್ತು. 2009ರಿಂದ ಸ್ವಯಂಸೇವಕರ ಜೊತೆ ಸೇರಿ ವಿಜ್ಞಾನಿಗಳು ಬೋನು ಹಾಕಿ ಹಿಡಿದರು. 1,25,000 ಇದ್ದದ್ದು 2013ರ ಹೊತ್ತಿಗೆ 10,000ಕ್ಕಿಂತ ಕೆಳಗೆ ಇಳಿಯಿತು. ಎಲ್ಲರೂ ಖುಷಿಪಟ್ಟರು. ಮರುವರ್ಷ, 2014ರಲ್ಲಿ, ಅದು ಸುಮಾರು 3,00,000ಕ್ಕೆ ಏರಿತು. ಕಾರಣ ಏನು ಅಂದರೆ, ದೊಡ್ಡ ಏಡಿಗಳು ತಮ್ಮದೇ ಮರಿಗಳನ್ನು ತಿಂದು ಸಂಖ್ಯೆಯನ್ನು ಹಿಡಿತದಲ್ಲಿ ಇಟ್ಟಿದ್ದವು. ದೊಡ್ಡದನ್ನೆಲ್ಲ ತೆಗೆದಾಗ ಮರಿಗಳಿಗೆ ತಡೆಯೇ ಇಲ್ಲದಾಯಿತು. ಕ್ಯಾಟ್‌ಫಿಶ್ ಕೂಡ ತನ್ನ ಮರಿಗಳನ್ನು ತಿನ್ನುವ ಜಾತಿ. ನಮ್ಮ ಹುಡುಗರು ಮಾಡುವುದೇನು? ಅತಿ ದೊಡ್ಡ ಮೀನಿಗೆ ಟ್ರೋಫಿ ಇಡುತ್ತಾರೆ. ಎಲ್ಲರೂ ದೊಡ್ಡದರ ಹಿಂದೆ ಬೀಳುತ್ತಾರೆ, ಬೆರಳುದ್ದದ್ದನ್ನು ವಾಪಸ್ ನೀರಿಗೆ ಎಸೆಯುತ್ತಾರೆ. ಫ್ಲೋರಿಡಾದವರು ಅತಿ ಸಣ್ಣ ಮೀನಿಗೆ ಬಹುಮಾನ ಇಟ್ಟದ್ದು ತಮಾಷೆಗಲ್ಲ ಅಂತ ಈಗ ಗೊತ್ತಾಗಿರಬೇಕು. ನನ್ನನ್ನು ಕೇಳಿದರೆ ಮೊದಲ ಬಹುಮಾನವೇ ಅತಿ ಹೆಚ್ಚು ಸಣ್ಣ ಮೀನು ತಂದವರಿಗೆ ಹೋಗಬೇಕು. ಕೊನೆಗೆ ಪಂಪ್ ಇಟ್ಟು ಕೋರೆಯ ನೀರು ಖಾಲಿ ಮಾಡಿದರೆ ಇನ್ನೂ ಒಳ್ಳೆಯದು. ಪಂಪಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟುವುದು ಮರೆಯಬಾರದು, ಇಲ್ಲದಿದ್ದರೆ ಮರಿಗಳನ್ನು ನಾವೇ ತೋಡಿಗೆ ಬಿಟ್ಟ ಹಾಗೆ.

ಇನ್ನು ದುಡ್ಡಿನ ವಿಷಯ. ಇಲ್ಲೇ ಹೆಚ್ಚಿನವರು ಎಡವುವುದು. ಕಿಲೋಗೆ ಇಷ್ಟು ಅಂತ ಬಹುಮಾನ ಇಟ್ಟರೆ ಎರಡೇ ದಿನದಲ್ಲಿ ತಲಪಾಡಿ ಗಡಿ ದಾಟಿ ಗೋಣಿಚೀಲದಲ್ಲಿ ಕ್ಯಾಟ್‌ಫಿಶ್ ಬರುತ್ತದೆ. ನಗಬೇಡಿ. 1902ರಲ್ಲಿ ವಿಯೆಟ್ನಾಮಿನ ಹನೋಯಿ ಪಟ್ಟಣದಲ್ಲಿ ಫ್ರೆಂಚ್ ಸರ್ಕಾರ ಇಲಿ ಕೊಂದವರಿಗೆ ಬಾಲ ಲೆಕ್ಕದಲ್ಲಿ ದುಡ್ಡು ಕೊಡಲು ಹೊರಟಿತು. ಸ್ವಲ್ಪ ದಿನಕ್ಕೆ ಬಾಲ ಇಲ್ಲದ ಇಲಿಗಳು ಬೀದಿಯಲ್ಲಿ ಓಡಾಡತೊಡಗಿದವು. ಬಾಲ ಮಾತ್ರ ಕತ್ತರಿಸಿ, ಇಲಿಯನ್ನು ಮರಿ ಹಾಕಲು ಬಿಡುತ್ತಿದ್ದರು. ಊರ ಹೊರಗೆ ಇಲಿ ಸಾಕಣೆಯೇ ಶುರುವಾಗಿತ್ತು. ನಮ್ಮವರ ತಲೆ ಅದಕ್ಕಿಂತ ಚುರುಕು.

ಹಾಗಾಗಿ ನಿಧಿಗೆ ಹೋಗುವ ಹಣಕ್ಕೂ ಮೀನಿನ ಸಂಖ್ಯೆಗೂ ಸಂಬಂಧ ಇರಬಾರದು. ತಂಡದ ಪ್ರವೇಶ ಶುಲ್ಕ, ಅಂಗಡಿಯವರ ಪ್ರಾಯೋಜಕತ್ವ, ಗಲ್ಫಿನಲ್ಲಿರುವವರು ಕಳಿಸುವುದು, ದಡದಲ್ಲಿ ಮಾರುವ ಊಟ, ಇವುಗಳಿಂದ ಬಂದದ್ದು ಚಿಕಿತ್ಸಾ ನಿಧಿಗೆ. ಗೆದ್ದವರಿಗೆ ಟ್ರೋಫಿ ಸಾಕು. ಸ್ಪರ್ಧೆಯ ಜಾಗ ಮೊದಲೇ ಗೊತ್ತಾಗಿ, ಅಲ್ಲೇ ಹಿಡಿದದ್ದನ್ನು ಅಲ್ಲೇ ಎಣಿಸಬೇಕು. ಹೊರಗಿನಿಂದ ತಂದ ಮೀನಿಗೆ ಲೆಕ್ಕ ಇಲ್ಲ. ಜೀವಂತ ಮೀನು ಒಂದೂ ಆ ಜಾಗ ಬಿಟ್ಟು ಹೋಗಬಾರದು. ಕ್ಯಾಟ್‌ಫಿಶ್ ನೀರಿನಿಂದ ಹೊರಗೆ ಗಂಟೆಗಟ್ಟಲೆ ಬದುಕಿರುತ್ತದೆ. ಬಕೆಟಿನಲ್ಲಿ ಮನೆಗೆ ಒಯ್ದು ಬಾವಿಗೋ ಕೆರೆಗೋ ಬಿಡುವವರು ಇದ್ದೇ ಇರುತ್ತಾರೆ. ಮಕ್ಕಳಂತೂ ಖಂಡಿತ.

ಯಾವ ಮೀನು ಅಂತ ಗುರುತಿಸುವ ಕೆಲಸಕ್ಕೆ ಒಬ್ಬರು ತಿಳಿದವರು ದಡದಲ್ಲಿ ಇರಲೇಬೇಕು. ನಮ್ಮ ಊರಿನ ಮುಗುಡು, ಅಂದರೆ ಮಲಯಾಳಿಗಳ ಮುಷಿ, ನೋಡಲು ಕ್ಯಾಟ್‌ಫಿಶ್ ಮರಿಯ ಹಾಗೆಯೇ ಇರುತ್ತದೆ. ಮೀಸೆ ಅದೇ, ಬಣ್ಣವೂ ಹತ್ತಿರ ಹತ್ತಿರ. ಪಶ್ಚಿಮ ಘಟ್ಟದ ಈ ಮುಗುಡು ಈಗಲೇ ಕಡಿಮೆಯಾಗುತ್ತಿರುವ ಮೀನು. ದೊಡ್ಡದಾಗಿ ಬೆಳೆದ ಆಫ್ರಿಕನ್ ಮೀನನ್ನು ಗಾತ್ರದಿಂದಲೇ ಹೇಳಬಹುದು. ಮೈಮೇಲೆ ಅಮೃತಶಿಲೆಯಂಥ ಮಚ್ಚೆಯೂ ಇರುತ್ತದೆ. ಸಣ್ಣದಾದರೆ ತಲೆಯ ಹಿಂಭಾಗದ ಎಲುಬಿನ ಆಕಾರ ನೋಡಿ ಬೇರೆ ಮಾಡುತ್ತಾರೆ, ಅದಕ್ಕೆ ಅಭ್ಯಾಸ ಬೇಕು. ಇದೇ ಕಾರಣಕ್ಕೆ ಕೋರೆಯಲ್ಲಿ ಈಟಿ ಬೇಡ ಅನ್ನುತ್ತೇನೆ. ನೀರು ಕೆಂಪು, ಒಳಗೆ ಏನೂ ಕಾಣುವುದಿಲ್ಲ. ಚುಚ್ಚಿದ ಮೇಲೆ ಮುಗುಡು ಅಂತ ಗೊತ್ತಾದರೆ ವಾಪಸ್ ಬಿಡಲು ಆಗುತ್ತದಾ? ಬೀಸುಬಲೆ ಮತ್ತು ಗಾಳ ಆದರೆ ಊರಿನ ಮೀನನ್ನು ಜೀವಂತ ಬಿಡಬಹುದು. ವಿಡಿಯೋ ಅಷ್ಟು ಚಂದ ಬರುವುದಿಲ್ಲ, ಬೇಡ. ಗುರುತಿನ ಪೋಸ್ಟರ್ ಕನ್ನಡ, ಮಲಯಾಳ ಎರಡರಲ್ಲೂ ಇರಲಿ, ತುಳು ಹೆಸರೂ ಪಕ್ಕದಲ್ಲಿ.

ಜಾಗ ಆಯ್ಕೆ ಮಾಡುವಾಗ ದೇವಸ್ಥಾನದ ಕೆರೆಗಳ ತಂಟೆಗೆ ಹೋಗುವುದು ಬೇಡ. ಅನಂತಪುರದ ಕೆರೆಯಲ್ಲಿದ್ದ ಬಬಿಯಾ ಮೊಸಳೆ 2022ರಲ್ಲಿ ತೀರಿಕೊಂಡಾಗ ಊರಿಗೆ ಊರೇ ಹೋಗಿ ಕೈಮುಗಿದದ್ದು ನೆನಪಿದೆಯಲ್ಲ. ಅಂಥ ನೀರಲ್ಲಿ ಬಲೆ ಬೀಸಿದರೆ ನಿಧಿಗೆ ಒಂದು ರೂಪಾಯಿಯೂ ಬರುವುದಿಲ್ಲ.

ಆರೋಗ್ಯದ ವಿಷಯದಲ್ಲಿ ಸದರ ಸಲ್ಲದು. ಕೋರೆಗಳ ಗೋಡೆ ನೇರವಾಗಿ ಇಳಿದಿರುತ್ತದೆ, ಮೆಟ್ಟಿಲಿಲ್ಲ. ಬಿದ್ದವನು ಈಜು ಬಂದರೂ ಹತ್ತುವುದು ಕಷ್ಟ. ಹಗ್ಗ, ಟ್ಯೂಬ್, ಲೈಫ್ ಜಾಕೆಟ್ ಇಲ್ಲದೆ ಯಾರನ್ನೂ ಇಳಿಸಬಾರದು. ಇಲಿಜ್ವರದ ಭಯ ಹಳೆಯದು, ಕಾಲಲ್ಲಿ ಗಾಯ ಇದ್ದವರು ನೀರಿಗೆ ಇಳಿಯದಿರಲಿ. ಅದರ ಮೇಲೆ 2024 ಮತ್ತು 2025ರಲ್ಲಿ ಕೇರಳದಲ್ಲಿ ಮೆದುಳು ತಿನ್ನುವ ಅಮೀಬಾದ ಪ್ರಕರಣಗಳು ಜಾಸ್ತಿಯಾದವು. ಅದು ಬೆಚ್ಚಗಿನ, ನಿಂತ ನೀರಿನಲ್ಲಿ ಇರುತ್ತದೆ, ಒಳಗೆ ಹೋಗುವುದು ಮೂಗಿನ ಮೂಲಕ. ಬೇಸಿಗೆಯ ಕೋರೆ ಅಂದರೆ ಬೆಚ್ಚಗಿನ, ನಿಂತ ನೀರು. ಮುಳುಗುವ ಸ್ಪರ್ಧೆ ಬೇಡ ಅನ್ನಲು ಇದೊಂದೇ ಕಾರಣ ಸಾಕು. ದಡದಿಂದ ಬಲೆ ಬೀಸಿ, ಗಾಳ ಹಾಕಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮೊದಲೇ ಹೇಳಿಡಿ.

ಹಿಡಿದ ಮೀನನ್ನು ಏನು ಮಾಡುವುದು? ತಿಲಾಪಿಯ ತಿನ್ನಲು ಅಡ್ಡಿಯಿಲ್ಲ, ಒಳ್ಳೆಯ ಮಸಾಲೆ ಹಾಕಿ ಹುರಿದರೆ ದಡದಲ್ಲೇ ಖರ್ಚಾಗುತ್ತದೆ. ಆದರೆ ಕಸ ತಿಂದು ಬೆಳೆದ ಕೋರೆಯ ಮೀನಾದರೆ ಬೇಡ. ಅದನ್ನು ತೆಂಗಿನ ಬುಡಕ್ಕೆ ಆಳವಾಗಿ ಹೂತರೆ ಗೊಬ್ಬರ.

ಇಷ್ಟೆಲ್ಲ ಮಾಡಿದರೂ, ಪಕ್ಕದ ತೋಟದವನು ಮುಂದಿನ ವರ್ಷ ಮತ್ತೆ ಕ್ಯಾಟ್‌ಫಿಶ್ ಮರಿ ತಂದು ಬಿಟ್ಟರೆ ಕಥೆ ಮೊದಲಿಗೆ ಬಂತು. ಇದಕ್ಕೆ ಸ್ಪರ್ಧೆಯಲ್ಲಿ ಉತ್ತರ ಇಲ್ಲ. ಸಾಕುವವರನ್ನು ಬೈದೂ ಪ್ರಯೋಜನವಿಲ್ಲ. ಅಡಿಕೆಯನ್ನೇ ನಂಬಿ ಕೂರಲಾಗದವರು ನಾಲ್ಕು ಕಾಸಿಗೆ ಮೀನು ಹಿಡಿದುಕೊಂಡಿದ್ದಾರೆ. ಸುಧಾರಿತ ತಿಲಾಪಿಯವನ್ನು ಪರವಾನಗಿ ಪಡೆದು ಸಾಕಲು ಸರ್ಕಾರವೇ ಅವಕಾಶ ಕೊಟ್ಟಿದೆ. ಹಾಗಿರುವಾಗ ತಿಲಾಪಿಯ ಕೆಟ್ಟದ್ದು ಅಂತ ಕ್ಲಬ್ಬಿನವರು ಮೈಕಿನಲ್ಲಿ ಕೂಗಿದರೆ ಯಾರು ಕೇಳುತ್ತಾರೆ? ಕೇಳಬೇಕಾದದ್ದು ಚಿಕ್ಕ ಸಂಗತಿ. ಕೋರೆಯಿಂದ ನೀರು ಹೊರಗೆ ಹೋಗುವ ಕಂಡಿಗೆ ಜಾಲರಿ ಇದೆಯಾ, ಮಳೆಗೆ ಮುಂಚೆ ಮೀನು ಪೂರ್ತಿ ಹಿಡಿದು ಮುಗಿಸುತ್ತಾರಾ. ನಿಧಿಯಲ್ಲಿ ಒಂದು ಪಾಲು ಈ ಜಾಲರಿಗಳಿಗೆ ಕೊಡಬಹುದು. ಸ್ಪರ್ಧೆಗಿಂತ ಇದೇ ಹೆಚ್ಚು ಮೀನನ್ನು ಹೊಳೆಯಿಂದ ದೂರ ಇಡುತ್ತದೆ ಅಂತ ನನಗನಿಸುತ್ತದೆ.

ತಿಂಗಳು ಆರಿಸುವುದರಲ್ಲೂ ಎಚ್ಚರ ಬೇಕು. ನಮ್ಮವರಿಗೆ ಮೀನು ಹಿಡಿಯುವ ಹುಮ್ಮಸ್ಸು ಬರುವುದೇ ಮೊದಲ ಮಳೆಗೆ, ಉಬರ್ ಮೀನು ಹತ್ತುವಾಗ. ಆಗ ಗದ್ದೆಗೆ ಹತ್ತುವುದು ಹೊಟ್ಟೆ ತುಂಬ ಮೊಟ್ಟೆ ಇರುವ ಊರಿನ ಮೀನುಗಳು. ಆ ಹೊತ್ತಿನಲ್ಲಿ ಅವನ್ನು ಹಿಡಿಯುವುದು ಕೇರಳದಲ್ಲಿ ಅಪರಾಧ, ದಂಡವೂ ಇದೆ, ಜೈಲೂ ಇದೆ. ಹೊರಗಿನ ಮೀನು ತೆಗೆಯುತ್ತೇವೆ ಅಂತ ಜೂನಿನಲ್ಲಿ ಬಲೆ ಹಾಕಿದರೆ ಎಲ್ಲ ತಲೆಕೆಳಗು. ಕಟ್ಟಗಳ ನೀರು ಬತ್ತಿ, ಕೋರೆಗಳು ತಳ ಕಾಣುವ ಏಪ್ರಿಲ್ ಕೊನೆ ಮತ್ತು ಮೇ ಮೊದಲ ವಾರ ಸರಿಯಾದ ಹೊತ್ತು. ವಿಷು ಕಳೆದಿರುತ್ತದೆ, ಶಾಲೆಗೆ ರಜೆ, ಗಲ್ಫಿನವರೂ ಕೆಲವರು ಊರಲ್ಲಿರುತ್ತಾರೆ. ಅದಕ್ಕೆ ಪಂಚಾಯತಿಗೆ, ಮೀನುಗಾರಿಕೆ ಇಲಾಖೆಗೆ, ಕೋರೆಯ ಮಾಲೀಕರಿಗೆ ಅರ್ಜಿ ಜನವರಿಯಲ್ಲೇ ಹೋಗಬೇಕು. ಅರ್ಜಿಯಲ್ಲಿ ಒಂದು ವರ್ಷಕ್ಕೆ ಅಂತ ಬರೆಯಬೇಡಿ, ಅದೇ ಕೋರೆಯಲ್ಲಿ ಮೂರು ವರ್ಷಕ್ಕೆ ಕೇಳಿ. ಎರಡನೇ ವರ್ಷ ಬೀಸುಬಲೆಗೆ ಎಷ್ಟು ಬಂತು ಅನ್ನುವುದರ ಮೇಲೆ ಮೂರನೇ ವರ್ಷ ಬೇಕಾ ಬೇಡವಾ ಅಂತ ತೀರ್ಮಾನಿಸಿದರಾಯಿತು.